ಕಾಲಕ್ಕೆ ಕೊಂಬು

ನಮ್ಮ ವಿಜ್ಞಾನದ ಮೇಷ್ಟರ ಎಡಗಾಲಿನ ಚಪ್ಪಲಿಗೆ ಮೂರು ಪದರ ಟೈರು ಹೊಡೆಸಿತ್ತು. ಆ ಕಾಲು ಬಲಗಾಲಿಗಿಂತ ಗಿಡ್ಡ. ಹಿಂದೂಪುರದ ಹೈಸ್ಕೂಲಿನ ಜಗಲಿಯಲ್ಲಿ ಅವರು ಬರುವಾಗ ಒಂದು ಹೆಜ್ಜೆ ಮೆತ್ತಗೆ, ಒಂದು ದಪ್ಪಗೆ ಕೇಳಿಸುತ್ತಿತ್ತು. ದಪ್ಪನೆಯದು ಬಾಗಿಲ ಹತ್ತಿರ ಬಂದಾಗ ನಾನು ಮುಂದಿನವನ ಬೆನ್ನ ಹಿಂದೆ ತಲೆ ತಗ್ಗಿಸುತ್ತಿದ್ದೆ. ಅವರು ಯಾರಿಗೂ ಹೊಡೆದವರಲ್ಲ. ಆದರೆ ಹೆದರಲು ನನಗೆ ಕಾರಣ ಬೇಕಿರಲಿಲ್ಲ. ಈ ವಯಸ್ಸಿನಲ್ಲೂ ಬೇಕಿಲ್ಲ.

ಸರಳರೇಖೆಯ ಚಲನೆಯ ಪಾಠದ ದಿನ ಅವರು ಬಾಗಿಲಿನಿಂದ ಕಿಟಕಿಯವರೆಗೆ ನಡೆದು, ತಿರುಗಿ ಬಾಗಿಲಿಗೇ ಬಂದು ನಿಂತರು. ಏದುಸಿರು ಬಿಡುತ್ತಿದ್ದರು.

“ಎಲ್ಲಿಂದ ಹೊರಟೆ? ಈಗ ಎಲ್ಲಿದೀನಿ?”

“ಅಲ್ಲೇ ಸಾರ್,” ಎಂದೆವು.

“ಹಂಗಾದ್ರೆ ಏನೂ ಆಗ್ಲಿಲ್ವಾ?”

“ಏಮೀ ಲೇದು ಸಾರ್, ಏನೂ ಇಲ್ಲ,” ಎಂದ ಹಿಂದಿನ ಬೆಂಚಿನವನೊಬ್ಬ.

“ನನ್ನ ಮಂಡಿ ಕೇಳ್ಲಾ, ಹೇಳ್ತದೆ.” ಸೀಮೆಸುಣ್ಣವನ್ನು ನನ್ನ ಕೈಗಿಟ್ಟರು. “ಜಾಗ ಅದೇ. ಆದ್ರೂ ಒಂದು ಮುಂದಕ್ಕೆ ಹೋಗೈತೆ. ಏನು ಅಂತ ಬರಿ.”

‘ಕಾಲ’ ಎಂದು ಬರೆಯಬೇಕಿತ್ತು. ಗಾಬರಿಯಲ್ಲಿ ‘ಕಾಲು’ ಎಂದು ಬರೆದೆ. ತರಗತಿಯೆಲ್ಲ ನಕ್ಕಿತು, ಆಮೇಲೆ ಅವರ ಚಪ್ಪಲಿ ನೋಡಿ ಸುಮ್ಮನಾಯಿತು.

ಮೇಷ್ಟರೂ ಚಪ್ಪಲಿ ನೋಡಿಕೊಂಡರು. “ಕಾಲಕ್ಕೆ ಕೊಂಬು ಕೊಟ್ಬುಟ್ಯಲ್ಲಪ್ಪ. ಹಾಯಾಕೆ ಬಂದ್ರೆ ಹಿಡಿಯೋರ್ಯಾರು?” ಎಂದು ಹೆಬ್ಬೆರಳಿನಿಂದ ಆ ಕೊಂಬನ್ನು ಒರೆಸಿದರು. ನಂತರ ಮೆಲ್ಲಗೆ, “ನಾನು ವಾಪಸ್ ಬತ್ತೀನಿ ಕಣ್ಲಾ. ಇದು ಬರಾಕಿಲ್ಲ,” ಎಂದರು.

ಅಂದಿನಿಂದ ನಾನು ಬೆದರಿದ್ದು ಕಂಡಾಗಲೆಲ್ಲ, “ಕೊಂಬು ಒರೆಸ್ಕೊ,” ಎನ್ನುತ್ತಿದ್ದರು.

ನಿವೃತ್ತರಾಗಿ ಕಲ್ಯಾಣದುರ್ಗದ ಮಗಳ ಮನೆ ಸೇರಿದರು. ಅರವತ್ತರ ದಶಕದ ಕೊನೆಯಲ್ಲಿ, ಅವರು ಹಾಸಿಗೆ ಹಿಡಿದಿದ್ದಾರೆ, ಹೆಚ್ಚು ದಿನವಿಲ್ಲ ಎಂದು ತಿಳಿಯಿತು. ಜೀವವಿರುವಾಗ ಮುಖ ನೋಡಬೇಕಿತ್ತು. ಬೆಳಗಿನ ಬಸ್ಸಿಗೆ, ಬೆಳಕು ಹರಿಯುವ ಮೊದಲೇ ಹಿಂದೂಪುರದ ಬಸ್ ಸ್ಟ್ಯಾಂಡಿಗೆ ಹೋಗಿ ಹುಣಸೆಹಣ್ಣಿನ ಮೂಟೆಗಳ ಪಕ್ಕ ಕಾದು ನಿಂತೆ. ದಾರಿಯುದ್ದಕ್ಕೂ ಉಳಿದ ಮೈಲಿಗಳನ್ನು ವೇಗದಿಂದ ಭಾಗಿಸುತ್ತ ಕೂತೆ. ಏರಿನಲ್ಲಿ ಬಸ್ಸು ತೇಕಿದಾಗಲೆಲ್ಲ ಮೇಷ್ಟರೇ ತೇಕಿದಂತೆ ಕೇಳಿಸಿತು.

ಇದ್ದರು. ಮಂಚದ ಕೆಳಗೆ ಆ ಚಪ್ಪಲಿಯೂ ಇತ್ತು, ಧೂಳು ಹಿಡಿದು.

“ಎಷ್ಟೊತ್ತಿಗೆ ಹೊರಟೆ?”

“ಕೋಳಿ ಕೂಗೋಕೆ ಮುಂಚೆ ಸಾರ್. ಬಸ್ಸು ತಪ್ಪಿದ್ರೆ ಅಂತ...”

“ಕೊಂಬು ಇನ್ನೂ ಒರೆಸ್ಕಂಡಿಲ್ಲ ನೀನು.” ನಗಲು ಹೋಗಿ ಕೆಮ್ಮಿದರು.

ಸಂಜೆ ನನಗಿಂತ ಮೊದಲು ಅವರೇ ಗೋಡೆಯ ಗಡಿಯಾರ ನೋಡಿದರು. “ಹೊರಡಪ್ಪ. ಕೊನೇ ಬಸ್ಸು ತಪ್ಪಿದ್ರೆ ನಿನ್ನ ಗಾಬ್ರಿ ನೋಡಾಕೆ ನನ್ ಕೈಲಾಗಲ್ಲ.”

ಕಾಲು ಮುಟ್ಟಿ ನಮಸ್ಕರಿಸಿದೆ. ಗಿಡ್ಡ ಕಾಲು ಆಗಲೇ ತಣ್ಣಗಿತ್ತು.

ಆ ವಾರವೇ ಹೋದರು.

ಹಿಂದೂಪುರದಿಂದ ಹೊರಟವನು ಹಿಂದೂಪುರಕ್ಕೇ ಬಂದು, ಅದೇ ಮೂಟೆಗಳ ಪಕ್ಕ ಇಳಿದಿದ್ದೆ. ಪಾಠದ ಲೆಕ್ಕದಲ್ಲಿ ನಾನು ಎಲ್ಲಿಗೂ ಹೋಗಿಲ್ಲ. ಇವತ್ತಿಗೂ ಆ ಬಸ್ ಸ್ಟ್ಯಾಂಡಿನಲ್ಲಿ ಕಾಲಿಟ್ಟರೆ ಅವರು ಆ ತರಗತಿಯ ಬಾಗಿಲಲ್ಲಿ ನಿಂತು, ಏದುಸಿರು ಬಿಡುತ್ತ ಕೇಳುತ್ತಾರೆ: “ಹಂಗಾದ್ರೆ ಏನೂ ಆಗ್ಲಿಲ್ವಾ?”