ಬೆಲ್ಲದೂರಿನಲ್ಲಿ ಬೆಲ್ಲದ ಜಾಹೀರಾತು

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಾಳೆ ಎಲೆ ಹಾಸಿ, ಅದರ ಮೇಲೆ ಆರು ಅಚ್ಚು ಬೆಲ್ಲ ಜೋಡಿಸಿ, ಮೊಬೈಲು ಹಿಡಿದುಕೊಂಡು ನಾನು ಅವುಗಳ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದೆ. ಈ ಕಡೆ ನಿಂತರೆ ಬೆಲ್ಲದ ಮೇಲೆ ನನ್ನ ನೆರಳು, ಆ ಕಡೆ ನಿಂತರೆ ಹಿಂದುಗಡೆ ಹಗ್ಗದ ಮೇಲೆ ಒಣಗುತ್ತಿರುವ ನನ್ನದೇ ಬನಿಯನ್ನು. ಎರಡೂ ಬೀಳದ ಒಂದು ಕೋನ ಸಿಕ್ಕಿತು ಎನ್ನುವಷ್ಟರಲ್ಲಿ ಇರುವೆಗಳಿಗೆ ಸುದ್ದಿ ಮುಟ್ಟಿತ್ತು. ಪಾತ್ರೆ ತೊಳೆಯಲು ಬಂದ ನನ್ನ ಹೆಂಡತಿ ಸುಮ ಸೊಂಟಕ್ಕೆ ಕೈಕೊಟ್ಟು ಸ್ವಲ್ಪ ಹೊತ್ತು ನೋಡಿದಳು.

“ಏನ್ರೀ, ಬೆಲ್ಲಕ್ಕೆ ಗಂಡು ಹುಡುಕ್ತಿದ್ದೀರಾ? ಫೋಟೋ ನೋಡಿ ಒಪ್ಕೊಂಡೋರು ಎದುರಿಗೆ ಬಂದಾಗ ಏನಂತಾರೋ, ಅದನ್ನ ಯೋಚನೆ ಮಾಡಿ.”

ತಮಾಷೆಗೆ ಆಡಿದ ಮಾತು. ಆದರೆ ನನ್ನ ಎದೆಯಲ್ಲಿ ಭಯ ಮೊಳೆಯಲು ಹೆಚ್ಚು ಗೊಬ್ಬರವೇನೂ ಬೇಕಿಲ್ಲ. ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳಿಕೊಂಡು ಐವತ್ತೆರಡು ವರ್ಷಕ್ಕೆ ಬಂದು ಮುಟ್ಟಿರುವ ನಾನು, ಬಸ್‌ಸ್ಟ್ಯಾಂಡಿನವರೆಗೆ ಹೋದವನು ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವ ಜಾತಿಯವನು. ಬಂದು ನೋಡಿದರೆ ಬೀಗ ಇರುತ್ತದೆ. ಕೀಲಿ ಎಲ್ಲಿ ಎಂಬ ಹೊಸ ಭಯ ಶುರುವಾಗುತ್ತದೆ. ಬ್ಯಾಂಕಿನಿಂದ ಬರುವ ಸಂದೇಶವನ್ನು ನಾನು ಮೊದಲು ಸುಮಳ ಕೈಗೆ ಕೊಟ್ಟು, ಅವಳ ಮುಖ ನೋಡಿ, ಆಮೇಲೆ ಓದುತ್ತೇನೆ. ಇಂಥವನ ಹೆಗಲಿಗೆ ಅಂತರ್ಜಾಲದಲ್ಲಿ ಬೆಲ್ಲ ಮಾರುವ ಕೆಲಸ ಬಂದದ್ದು ಹೇಗೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ.

ನನ್ನ ಅಕ್ಕ ಜಯಮ್ಮನನ್ನು ಕೊಟ್ಟಿರುವುದು ಚಿಕ್ಕರಸಿನಕೆರೆ ಬಳಿಯ ಒಂದು ಊರಿಗೆ. ಭಾವನಿಗೆ ಗದ್ದೆಯಂಚಿನಲ್ಲಿ ಒಂದು ಆಲೆಮನೆ ಇದೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಪಾಕವಾಗುವ ಹೊತ್ತಿಗೆ ಅದಕ್ಕೊಂದು ರಾಸಾಯನಿಕ ಪುಡಿ ಹಾಕುವುದು ನಮ್ಮ ಕಡೆ ಬಹಳ ಕಾಲದಿಂದ ನಡೆದುಬಂದದ್ದು. ಪುಡಿ ಬಿದ್ದರೆ ಬೆಲ್ಲ ಚಿನ್ನದ ಬಣ್ಣಕ್ಕೆ ತಿರುಗುತ್ತದೆ, ಸಗಟು ಮಂಡಿಯಲ್ಲಿ ಮೊದಲು ಮಾರಿಹೋಗುತ್ತದೆ. ಪುಡಿ ಬೀಳದ ಬೆಲ್ಲ ಸುಟ್ಟ ಮಣ್ಣಿನ ಬಣ್ಣದ್ದು. ಅದನ್ನು ಮಂಡಿಯವರು ಕಾಲಲ್ಲಿ ಆಚೆಗೆ ಸರಿಸುತ್ತಾರೆ. ಇದರ ಜೊತೆಗೆ ಇನ್ನೊಂದು ವಾಡಿಕೆಯೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪುಡಿ ಹಾಕುವ ಮೊದಲು ಮನೆಮಟ್ಟಿಗೆಂದು ಒಂದಷ್ಟು ಪಾಕವನ್ನು ಬೇರೆ ಎತ್ತಿಟ್ಟುಕೊಳ್ಳುತ್ತಾರೆ. ಮನೆಗೆ ಒಂದು ಬೆಲ್ಲ, ಮಾರಾಟಕ್ಕೆ ಒಂದು ಬೆಲ್ಲ. ನಾನು ಚಿಕ್ಕಂದಿನಿಂದ ಅಕ್ಕನ ಮನೆಯ ಕಪ್ಪು ಬೆಲ್ಲವನ್ನೇ ತಿಂದವನು. ಹಳದಿ ಬೆಲ್ಲ ಯಾರ ಹೊಟ್ಟೆಗೆ ಹೋಗುತ್ತದೆ ಎಂದು ಒಂದು ದಿನವೂ ಯೋಚಿಸಿದವನಲ್ಲ.

ಈ ವರ್ಷ ಅಕ್ಕ ಯೋಚಿಸಿದಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಯಾರೋ ಹೆಂಗಸು ಬೆಲ್ಲದ ಮಾತೆತ್ತಿ, ಮಾರೋದನ್ನೇ ನೀವೂ ತಿಂತೀರೇನಮ್ಮ ಎಂದು ಸುಮ್ಮನೆ ಕೇಳಿದಳಂತೆ. ಅಕ್ಕ ಹೂಂ ಎಂದಳಂತೆ. ಆ ಹೂಂ ಅವಳ ಗಂಟಲಲ್ಲಿ ಸಿಕ್ಕಿಕೊಂಡಿತು. ಮನೆಗೆ ಬಂದವಳೇ ಇನ್ನುಮೇಲೆ ಮನೆಗೂ ಮಾರಾಟಕ್ಕೂ ಒಂದೇ ಬೆಲ್ಲ, ಪುಡಿ ಇಲ್ಲದ್ದು ಎಂದಳು. ಭಾವ ಕೂಗಾಡಿ, ಸುಸ್ತಾಗಿ, ಕೊನೆಗೆ ಒಂದು ಷರತ್ತು ಹಾಕಿದರು: ಮಳೆ ಹಿಡಿಯುವುದರೊಳಗೆ, ಪುಡಿ ಹಾಕದೆ ತೆಗೆದು ಕೋಣೆಯಲ್ಲಿ ಪೇರಿಸಿದ ಕಪ್ಪು ಬೆಲ್ಲವೆಲ್ಲ ಖಾಲಿಯಾಗಬೇಕು. ಮಳೆಗಾಲದ ಥಂಡಿಗೆ ಬೆಲ್ಲ ನೀರು ಬಿಡುತ್ತದೆ, ಆಮೇಲೆ ಅದು ಯಾರಿಗೂ ಬೇಡ. ಖಾಲಿಯಾಗದಿದ್ದರೆ ಮುಂದಿನ ಕೊಪ್ಪರಿಗೆಗೆ ಪುಡಿ, ಮತ್ತೆ ಆ ಮಾತು ಎತ್ತಕೂಡದು.

“ಲೋ ಸಿದ್ರಾಜು, ನೀನು ಓದ್ದೋನು ಕಣ್ಲಾ. ಎಲ್ರೂ ಪೋನಲ್ಲೇ ಅದೇನೇನೋ ಮಾರ್ತಾರಂತೆ. ಇದ್ನೂ ಮಾರ್ಕೊಡು,” ಎಂದು ಅಕ್ಕ ಒಂದು ಮೂಟೆಯನ್ನು ನನ್ನ ಕಾಲ ಬುಡದಲ್ಲಿ ಇಳಿಸಿದಳು. ಓದಿದವನು ಎಂಬ ಮಾತಿನ ಮೇಲೆ ನಾನು ಮೂವತ್ತು ವರ್ಷ ಅವಳ ಮನೆಯಲ್ಲಿ ಉಂಡಿದ್ದೇನೆ. ಮೂಟೆಯನ್ನು ಒಳಕ್ಕೆ ಎಳೆದುಕೊಂಡೆ.

ಕಲಿಯಲು ಕೂತೆ. ಈ ವಿದ್ಯೆ ಕಲಿಸುವ ವಿಡಿಯೋಗಳಲ್ಲಿ ಎಲ್ಲರೂ ಯಾಕೆ ಅಷ್ಟು ಗಟ್ಟಿಯಾಗಿ ಮಾತಾಡುತ್ತಾರೋ ತಿಳಿಯದು. ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಇರುತ್ತದೆ. ಪೇಜು ತೆರೆಯಿರಿ, ದುಡ್ಡು ಕಟ್ಟಿ ಬೂಸ್ಟ್ ಮಾಡಿರಿ, ಗ್ರಾಹಕರನ್ನು ಗುರಿಯಿಟ್ಟು ಹಿಡಿಯಿರಿ ಎನ್ನುತ್ತಾರೆ. ಹಿಡಿಯುವ ಮಾತು ಹಾಗಿರಲಿ, ಅವರು ಇದ್ದಾರೆಂದು ನಂಬುವುದೇ ನನಗೆ ಕಷ್ಟ. ತರಗತಿಯಲ್ಲಿ ಅರವತ್ತು ಜೊತೆ ಕಣ್ಣುಗಳ ಎದುರು ನಿಂತು ಹಳಗನ್ನಡವನ್ನೂ ಹೇಳಬಲ್ಲೆ. ಯಾವ ಮಗು ಆಕಳಿಸಿತು, ಯಾವುದು ಕಿಟಕಿಯಾಚೆ ಹೋಯಿತು ಎಂದು ಕಾಣುತ್ತದೆ. ಸಂತೆಯಲ್ಲಿ ಕೂತವನಿಗೂ ಕೊಳ್ಳುವವನ ಮುಖ ಕಾಣುತ್ತದೆ. ಇಲ್ಲಿ ಮಾತ್ರ ಕಣ್ಣಿಲ್ಲದ, ಮುಖವಿಲ್ಲದ, ಇದ್ದಾರೋ ಇಲ್ಲವೋ ಎಂದೂ ಗೊತ್ತಿಲ್ಲದ ಒಂದು ಲೋಕದ ಎದುರು ನನ್ನ ಹೆಸರು, ನನ್ನ ನಂಬರು, ನನ್ನ ಅಕ್ಕನ ಬೆಲ್ಲ ಎಲ್ಲವನ್ನೂ ಬಿಚ್ಚಿಟ್ಟು ಕಾಯಬೇಕು. ಕತ್ತಲ ಕೋಣೆಗೆ ನಮಸ್ಕಾರ ಹೇಳಿ, ಒಳಗಿನಿಂದ ಯಾರಾದರೂ ತಿರುಗಿ ನಮಸ್ಕಾರ ಎಂದುಬಿಟ್ಟರೆ ಎಂದು ಹೆದರುವ ಹಾಗೆ.

ಕೈಹಿಡಿದು ನಡೆಸಿದವರು ನಮ್ಮ ವಿಜ್ಞಾನದ ಟೀಚರು ನಾಗರತ್ನ ಮೇಡಂ. ಸ್ಟಾಫ್ ರೂಮಿನಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಪಕ್ಕಕ್ಕೆ ಸರಿಸಿ, ಪೇಜು ಮಾಡಿಕೊಟ್ಟರು. ಬೆಲ್ಲದ ಮಹಿಮೆಯನ್ನು ಕುರಿತು ನಾನು ಎರಡು ಸಂಜೆ ಕೂತು ಬರೆದದ್ದನ್ನು ಅರ್ಧ ಓದಿ, “ಸಾರ್, ಜನ ಇದನ್ನ ಓದಿ ಮುಗ್ಸೋ ಹೊತ್ಗೆ ಬೆಲ್ಲ ಕರಗೋಗಿರುತ್ತೆ,” ಎಂದರು. ಒತ್ತಬೇಕಾದ ಗುಂಡಿಯ ಮೇಲೆ ನನ್ನ ಹೆಬ್ಬೆರಳು ನಿಂತೇ ಇರುವುದನ್ನು ನೋಡಿ, “ಒತ್ತಿ ಸಾರ್, ಕಚ್ಚಲ್ಲ ಅದು,” ಎಂದೂ ಹೇಳಿದರು.

ಅವರು ಕ್ಲಾಸಿಗೆ ಎದ್ದು ಹೋದ ಮೇಲೆ ನಾನೊಬ್ಬನೇ ಎರಡು ಕೆಲಸ ಮಾಡಿದೆ.

ಮೊದಲನೆಯದು, ಫೋಟೋದಲ್ಲಿ ಬೆಲ್ಲ ತೀರಾ ಕಪ್ಪಗೆ ಕಂಡಿತು. ಇಂಥದನ್ನು ಯಾರು ಕೊಳ್ಳುತ್ತಾರೆ ಎಂದು ದಿಗಿಲಾಯಿತು. ಮೊಬೈಲಿನಲ್ಲಿ ಬೆಳಕು ಹೆಚ್ಚಿಸುವ ಒಂದು ಗೆರೆಯಿದೆ. ಅದರ ಮೇಲೆ ಬೆರಳಿಟ್ಟು ಒಂದಿಷ್ಟು ಎಳೆದೆ. ಬೆಲ್ಲ ಕಂದುಬಣ್ಣಕ್ಕೆ ಬಂತು. ಇನ್ನಷ್ಟು ಎಳೆದೆ. ಹೊನ್ನಿನಂತಾಯಿತು. ಜೀವ ಸ್ವಲ್ಪ ತಂಪಾಯಿತು.

ಎರಡನೆಯದು, ಈ ಜಾಹೀರಾತು ಯಾವ ಊರಿನವರಿಗೆ ಕಾಣಬೇಕು ಎಂದು ಫೋನು ಕೇಳಿತು. ಒಂದು ನಕ್ಷೆ, ಅದರ ಮೇಲೊಂದು ನೀಲಿ ವೃತ್ತ. ವೃತ್ತ ಎಲ್ಲೆಲ್ಲೋ ಹರಡಿಕೊಂಡು ಹೆಸರು ಕೇಳದ ಊರುಗಳನ್ನೆಲ್ಲ ಒಳಗೆ ಹಾಕಿಕೊಂಡಿತ್ತು.  ಆ ಊರಿನವರು ಮೋಸ ಮಾಡಿದರೆ ಯಾರನ್ನು ಕೇಳುವುದು, ಬೈದರೆ ಎಲ್ಲಿ ಹೋಗಿ ಸಮಾಧಾನ ಹೇಳುವುದು? ವೃತ್ತವನ್ನು ಒಳಕ್ಕೆ ಒತ್ತುತ್ತಾ ಬಂದೆ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರೇ ಉಳಿಯುವಷ್ಟು ಚಿಕ್ಕದು ಮಾಡಿ, ಏನಾದರೂ ಹೆಚ್ಚುಕಮ್ಮಿಯಾದರೆ ಒಂದೇ ಬಸ್ಸಿನಲ್ಲಿ ಹೋಗಿ ಕೈಮುಗಿದು ಬರಬಹುದೆಂದು ಲೆಕ್ಕ ಹಾಕಿ, ಕಣ್ಣುಮುಚ್ಚಿ ಗುಂಡಿ ಒತ್ತಿದೆ.

ನೀವು ಈಗಾಗಲೇ ನಗುತ್ತಿದ್ದೀರಿ. ನನಗೆ ಗೊತ್ತಾದದ್ದು ಮಾರನೆಯ ದಿನ ಬೆಳಗ್ಗೆ, ನಿಡಘಟ್ಟದಿಂದ ಮೊದಲ ಕರೆ ಬಂದಾಗ.

“ಸಾ, ಬೆಲ್ಲದ್ದು ಆಕಿದ್ರಲ್ಲ, ಎಂಗ್ ತಗತೀರಾ?”

“ನಾನು ತಗೊಳ್ಳೋನಲ್ಲ, ಮಾರೋನು.”

“ನಾನೂ ಮಾರೋನೇ ಕಣ್ ಸಾ.”

 ಅವರು ಫೋನು ಇಡಲಾ ಎಂದರು, ನಾನು ಇಡಿ ಎಂದೆ. ಆ ದಿನ ಬಂದ ಕರೆಗಳೆಲ್ಲ ಹೀಗೇ. ಕಬ್ಬಿನ ಸೀಮೆಗೇ, ಮನೆಮನೆಯ ಅಟ್ಟದಲ್ಲೂ ಬೆಲ್ಲವಿರುವ ಊರುಗಳಿಗೇ ಹುಡುಕಿ ಹುಡುಕಿ ನಾನು ಬೆಲ್ಲದ ಜಾಹೀರಾತು ತೋರಿಸಿದ್ದೆ. ಕೊನೆಯದು ಬೆಳಕವಾಡಿಯಿಂದ. ವಯಸ್ಸಾದ ದನಿ, ಆಲೆಮನೆಯವರೇ. ಅವರ ದನಿಯಲ್ಲಿ ವ್ಯಂಗ್ಯ ಒಂದಿಷ್ಟೂ ಇರಲಿಲ್ಲ, ಬರೀ ಗೌರವವಿತ್ತು.

“ಏನ್ ಪುಡಿ ಆಕ್ತೀರಾ ಸಾ, ಇಷ್ಟ್ ಚೆಂದ್ವಾಗಿ ಬಣ್ಣ ಬಂದದೆ? ನಮ್ದು ಏನ್ ಮಾಡುದ್ರೂ ಇಂಗ್ ಬರಕಿಲ್ಲ.”

ನಾನು ಫೋನು ಇಟ್ಟೆ. ಅದುವರೆಗಿನ ನನ್ನ ಭಯಗಳೆಲ್ಲ ಹೊರಗಿನವು: ಮೋಸಗಾರರು, ಬ್ಯಾಂಕು, ಗುಂಡಿ. ಈಗ ಹಿಡಿದದ್ದು ಬೇರೆ ಭಯ. ಅಕ್ಕ ಕೊಪ್ಪರಿಗೆಗೆ ಹಾಕದೆ ಬಿಟ್ಟ ಪುಡಿಯನ್ನು ನಾನು ಬೆರಳ ತುದಿಯಿಂದ ಹಾಕಿಬಿಟ್ಟಿದ್ದೆ. ಕೊಪ್ಪರಿಗೆಗೆ ಹಾಕುವವರು ಮಂಡಿಗೆ ಹೆದರಿ ಹಾಕುತ್ತಾರೆ. ನಾನು ಯಾರಿಗೆ ಹೆದರಿದ್ದೆ? ಇನ್ನೂ ಹುಟ್ಟದ ಗಿರಾಕಿಗೆ.

ಶನಿವಾರ ಚಿಕ್ಕರಸಿನಕೆರೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ಪ್ರತಿ ಸ್ಟಾಪಿನಲ್ಲೂ ನಾನು ಕಿಟಕಿಯಿಂದ ತಲೆ ಹಾಕಿ ಅದನ್ನು ಅಳೆಯುತ್ತಿದ್ದೆ. ಆಲೆಮನೆಯಲ್ಲಿ ಅಕ್ಕ ಬೆಂಡೆ ಗಿಡದ ಕಾಂಡ ಜಜ್ಜಿ ಲೋಳೆ ತೆಗೆಯುತ್ತಿದ್ದಳು, ಕಬ್ಬಿನ ಹಾಲಿನ ಕೊಳೆ ಮೇಲೆ ಬರಲು ಅದನ್ನೇ ಹಾಕುವುದು. ಎಲ್ಲವನ್ನೂ ಹೇಳಿಕೊಂಡೆ. ಮೊದಲು ವೃತ್ತದ ಕಥೆ.

“ನಮ್ಮೋರ್ಗೇ ಬೆಲ್ಲ ತೋರ್ಸಿದ್ದೀಯಲ್ಲಲಾ,” ಎಂದು ಅಕ್ಕ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. “ಇದುಕ್ಕಾ ಅಪ್ಪ ನಿನ್ನ ಮೈಸೂರ್ಗಂಟ ಕಳ್ಸಿ ಓದ್ಸಿದ್ದು?”

ಆಮೇಲೆ ಫೋಟೋ ತೋರಿಸಿದೆ. ಅವಳ ನಗು ನಿಂತಿತು. ಬೆರಳಿನ ಲೋಳೆಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ಹತ್ತಿರ ಹಿಡಿದು ನೋಡಿದಳು.

“ಇದು ನಮ್ ಬೆಲ್ಲ ಅಲ್ಲ.”

“ನಮ್ಮದೇ ಅಕ್ಕ, ಸ್ವಲ್ಪ ಬೆಳಕು ಜಾಸ್ತಿ...”

“ಪುಡಿನ ನಾನು ಬುಟ್ಟೆ, ನೀನು ಆಕ್ದೆ. ಅಷ್ಟೇ ತಾನೆ?”

ಒಲೆಗೆ ಕಬ್ಬಿನ ಸಿಪ್ಪೆ ತುರುಕುತ್ತಿದ್ದ ಭಾವ ಅಲ್ಲಿಂದಲೇ, “ಮೇಷ್ಟ್ರ ಪುಡಿನೇ ವಾಸಿ ಕಣಮ್ಮಿ, ಕಾಸು ಖರ್ಚಿಲ್ಲ,” ಎಂದರು. 

ಅಕ್ಕ ಒಂದು ಅಚ್ಚನ್ನು ತಂದು ಕಲ್ಲಿಗೆ ಕುಟ್ಟಿ ಮುರಿದು, ಮುರಿದ ತುಂಡನ್ನು ಅಂಗೈ ಮೇಲಿಟ್ಟುಕೊಂಡು ಬಾಗಿಲ ಬೆಳಕಿಗೆ ಕೈಚಾಚಿದಳು. ಪೋಟೋ ತೆಗಿ, ಎಂದಳು. ತೆಗೆದೆ. ಸುಟ್ಟ ಕಲೆಗಳಿರುವ ಅಂಗೈ, ಅದರ ಮೇಲೆ ಕಪ್ಪು ಬೆಲ್ಲ. ಏನು ಬರೆಯಲಿ ಎಂದು ಕೇಳಿದರೆ, “ಕಪ್ಗದೆ, ನಾವು ತಿನ್ನೋದೂ ಇದ್ನೇ ಅಂತ ಬರಿ, ಸಾಕು,” ಎಂದಳು. ವೃತ್ತ ಎಷ್ಟು ದೂರಕ್ಕೆ ಎಳೆಯಲಿ ಎಂದರೆ ಅವಳಿಗೆ ನಕ್ಷೆ ತಿಳಿಯದು. “ಕಬ್ಬು ಬೆಳೀದೇ ಇರೋ ಊರ್ಗಂಟ ಎಳಿ,” ಎಂದಳು. ಎಳೆದೆ. ವೃತ್ತ ಘಟ್ಟ ಹತ್ತಿ ಇಳಿದು ಸಮುದ್ರದ ಅಂಚಿಗೆ ಹೋಗಿ ತಾಗಿತು. ಅಕ್ಕ ಬೆಂಡೆಕಾಂಡಕ್ಕೆ ಹಿಂತಿರುಗಿದಳು.

ಎರಡು ದಿನ ಫೋನು ಸುಮ್ಮನಿತ್ತು. ಮೂರನೆಯ ದಿನ ಮಧ್ಯಾಹ್ನ ಕರಾವಳಿಯ ಕಡೆಯಿಂದ ಒಬ್ಬ ಹೆಂಗಸಿನ ದನಿ. “ಕಪ್ಪಗಿದೆ ಅಂತ ನೀವೇ ಬರೆದಿದ್ದೀರಲ್ಲ. ನಿಜವಾಗಿಯೂ ನೀವು ಇದನ್ನೇ ತಿನ್ನೋದಾ?”

ಅಕ್ಕನ ಗಂಟಲಲ್ಲಿ ಸಿಕ್ಕಿಕೊಂಡ ಹೂಂ ನೆನಪಾಯಿತು. “ನಾನು ತಿನ್ನಲ್ಲಮ್ಮ,” ಎಂದೆ.  “ನನಗೆ ಶುಗರ್ ಇದೆ. ಅಕ್ಕನ ಮನೆಯವರೆಲ್ಲ ತಿಂತಾರೆ.” ಅವರು ನಕ್ಕುಬಿಟ್ಟರು. ಮಗುವಿನ ರಾಗಿ ಗಂಜಿಗೆ ಬೇಕು, ಐದು ಕೆ.ಜಿ. ಕಳಿಸಿ ಎಂದರು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಸುಮ ಡಬ್ಬ ಕಟ್ಟಿದಳು, ನಾನು ವಿಳಾಸವನ್ನು ಮೂರು ಮೂರು ಸಲ ತಾಳೆ ನೋಡಿದೆ. ಆದರೆ ಮಳೆ ನಮಗಾಗಿ ಕಾಯಲಿಲ್ಲ. ಒಂದು ಮಧ್ಯಾಹ್ನ ಸುರಿದದ್ದು ನಿಲ್ಲಲಿಲ್ಲ. ಅಕ್ಕನ ಮನೆಯ ಕೋಣೆಯಲ್ಲಿ ಇನ್ನೂ ಗೋಡೆಯ ಅರ್ಧದವರೆಗೆ ಬೆಲ್ಲವಿತ್ತು, ಕೆಳಗಿನ ಸಾಲು ಆಗಲೇ ಬೆವರತೊಡಗಿತ್ತು. ನಾನು ಹೋದಾಗ ಆಲೆಮನೆಯಲ್ಲಿ ಪಾಕ ನೊರೆಗಟ್ಟಿ ಏರುತ್ತಿತ್ತು. ಭಾವ ತೊಲೆಯ ಸಂದಿಯಿಂದ ಪುಡಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು.

“ಸರತು ಸರತೇ ಕಣಮ್ಮಿ.”

ಅಕ್ಕ ನನ್ನ ಕಡೆ ತಿರುಗಿದಳು. “ಆ ಮಗಿನ ತಾಯಿ ತಿರ್ಗಾ ಕೇಳವ್ಳೇನ್ಲಾ?” ಎಂದು ನನ್ನನ್ನು ಕೇಳಿದಳು. ಕೇಳಿದ್ದಾರೆ, ಮಗು ಬೇರೆ ಬೆಲ್ಲದ ಗಂಜಿ ಕುಡೀತಿಲ್ಲವಂತೆ ಎಂದೆ. ಅವಳು ನನ್ನ ಜೇಬಿನಿಂದ ಫೋನು ಎಳೆದುಕೊಂಡು ಗಂಡನ ಮುಂದೆ ಹಿಡಿದಳು.

“ಆಕು. ನಾನ್ ಬ್ಯಾಡ ಅನ್ನಕಿಲ್ಲ. ಆದ್ರೆ ಈ ಸಲದ್ದು ಬ್ಯಾರೆ ಬೆಲ್ಲ ಅಂತ ನೀನೇ ಆವಮ್ಮಂಗೆ ಯೋಳ್ಬುಟ್ಟು ಆಕು.”

“ನಾನಾ?”

ನನ್ನ ಭಾವ ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲ ಹಾವನ್ನು ಕೋಲಿನಿಂದ ಎತ್ತಿ ಆಚೆ ಹಾಕುವ ಮನುಷ್ಯ. ಅವರು ಆ ಪುಟ್ಟ ಗಾಜಿನ ಹಲಗೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ಕಂಡಿರದ, ಮುಂದೆಯೂ ಕಾಣದ ಒಬ್ಬ ಹೆಂಗಸಿನ ಎದುರು ನಿಂತವರ ಹಾಗೆ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆ ಮುಖದ ಮೇಲಿದ್ದದ್ದು ನನಗೆ ಚೆನ್ನಾಗಿ ಪರಿಚಯವಿರುವ ವಸ್ತು. ಇಷ್ಟು ವರ್ಷ ಅದು ನಮ್ಮ ಬಂಧುಬಳಗದಲ್ಲಿ ನನ್ನೊಬ್ಬನಿಗೇ ಬಂದದ್ದು ಎಂದುಕೊಂಡಿದ್ದೆ.

ಡಬ್ಬಿಯ ಮುಚ್ಚಳ ಮತ್ತೆ ಹಾಕಿದರು. “ಇದೊಂದ್ ಕೊಪ್ಪರ್ಗೆ ನೋಡನ,” ಎಂದರು, ಯಾರ ಮುಖವನ್ನೂ ನೋಡದೆ. ಆಮೇಲೆ ನನ್ನ ಕಡೆ ತಿರುಗಿ, “ಅದೇನ್ ನೋಡ್ತಾ ನಿಂತ್ಕಂಡಿದ್ದೀರಾ ಮೇಷ್ಟ್ರೇ, ಪಾಕ ಸೀಯ್ತದೆ. ಅಚ್ಚಿನ ಮಣೆ ಇಡ್ಕಳಿ.”

ಹಿಡಿದುಕೊಂಡೆ. ಪಾಕ ಕಪ್ಪಗೆ, ಬಿಸಿಯಾಗಿ, ಅಚ್ಚಿನ ಒಂದೊಂದೇ ಗುಳಿಯೊಳಗೆ ಇಳಿಯತೊಡಗಿತು.