ಎರಡೂವರೆ, ಎರಡೂಮುಕ್ಕಾಲು

ನನಗೊಂದು ಅಭ್ಯಾಸವಿದೆ. ಏನು ಮಾಡುವುದಕ್ಕೂ ಮೊದಲು ಮನಸ್ಸಿನಲ್ಲೇ ಮೂರರವರೆಗೆ ಎಣಿಸುತ್ತೇನೆ. ಕುಕ್ಕರಿನ ಮುಚ್ಚಳ ತೆಗೆಯುವಾಗ, ಮೇಲಧಿಕಾರಿಗೆ ಮೇಲ್ ಕಳಿಸುವಾಗ, ವಡೋದರಾದ ರಸ್ತೆ ದಾಟುವಾಗ. ಮೂರು ಎನ್ನುವಷ್ಟರಲ್ಲಿ ಆ ಕೆಲಸವನ್ನು ಬೇರೆ ಯಾರಾದರೂ ಮಾಡಿ ಮುಗಿಸಿರುತ್ತಾರೆ; ರಸ್ತೆಯಲ್ಲಾದರೆ ಮತ್ತೊಂದು ಸ್ಕೂಟರ್ ಬಂದಿರುತ್ತದೆ. ಹಾಗೆಂದು ಇದನ್ನು ದೌರ್ಬಲ್ಯ ಎನ್ನಲಾರೆ. ರಾಸಾಯನಿಕ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿರುವ ನನಗೆ ಚಿಂತೆ ಮಾಡುವುದಕ್ಕೇ ಸಂಬಳ. ಅಲ್ಲಿ ಮಾಡಿ ಮುಗಿಯದ ಚಿಂತೆಯನ್ನು ಮನೆಗೂ ತರುತ್ತೇನೆ, ಅದಕ್ಕೆ ಓವರ್‌ಟೈಮ್ ಇಲ್ಲ.

ಈ ಎಣಿಕೆಗೆ ಒಂದು ಕುಸ್ತಿಯನ್ನೇ ಸೋಲಿಸುವ ಶಕ್ತಿಯಿದೆ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಮಗಳು ರೇವಾ ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಅವಳಿಗೆ ಹಬ್ಬದ ದಿನದ ರೇಷ್ಮೆ ಲಂಗದಂತೆ: ಪ್ರೀತಿಯಿದೆ, ಆದರೆ ಸ್ವಲ್ಪ ಬಿಗಿ. ಅವಳು ಚಿಕ್ಕವಳಿದ್ದಾಗಿನಿಂದ ಭಾನುವಾರ ನಾವಿಬ್ಬರೂ ಟೀವಿಯಲ್ಲಿ ಕುಸ್ತಿ ನೋಡುತ್ತಿದ್ದೆವು. ಹೊಗೆ, ಅಬ್ಬರದ ಸಂಗೀತ, ಮಿರುಗುವ ಉಡುಪು. ಈ ವಾರ ತಲೆಗೆ ಕುರ್ಚಿ ಬೀಸಿದವನೂ ಏಟು ತಿಂದವನೂ ಮುಂದಿನ ವಾರ ಆರೋಗ್ಯವಾಗಿ ಬರುವ ಕುಸ್ತಿ. ನೋಡಿದ ಮೇಲೆ ಸೋಫಾದ ಮೇಲೆ ಪ್ರಯೋಗ. ನಾನೇ ಎದುರಾಳಿ, ನಾನೇ ರೆಫರಿ. ಟೀವಿಯ ನಿಯಮದಂತೆ, ಅಂಗಾತ ಬಿದ್ದವರು ರೆಫರಿ ಮೂರು ಎಣಿಸುವಷ್ಟರಲ್ಲಿ ಹೆಗಲೆತ್ತದಿದ್ದರೆ ಸೋತಂತೆ. ಅವಳನ್ನು ಅಂಗಾತ ಕೆಡವಿ, ಅಂಗೈಯಿಂದ ಸೋಫಾ ತಟ್ಟುತ್ತ, "ಒಂದು... ಎರಡು..." ಎನ್ನುತ್ತಿದ್ದೆ. ಅಲ್ಲಿಗೆ ಕರುಳು ಚುರ್ ಎಂದು "ಎರಡೂವರೆ... ಎರಡೂಮುಕ್ಕಾಲು..." ಎಂದು ಎಳೆಯುತ್ತಿದ್ದೆ. ಅಷ್ಟರಲ್ಲಿ ಅವಳು ಹೆಗಲು ಕಿತ್ತು ಚಂಗನೆ ಎದ್ದು, ಎರಡೂ ಕೈ ಚಾಚಿ, ಇಲ್ಲದ ಸಾವಿರ ಪ್ರೇಕ್ಷಕರಿಗೆ ಗರ್ಜಿಸುತ್ತಿದ್ದಳು. ನಮ್ಮ ಮನೆಯಲ್ಲಿ ಮೂರು ಎಂಬ ಸಂಖ್ಯೆ ಒಮ್ಮೆಯೂ ಬಂದದ್ದಿಲ್ಲ.

ಕೊನೆಗೊಂದು ದಿನ ನನ್ನ ಹೆಂಡತಿ ಸುಮಾ, ಧಾರವಾಡದ ತನ್ನ ಅಸಲು ದನಿಯಲ್ಲಿ ತೀರ್ಪು ಕೊಟ್ಟಳು: "ಸೋಫಾರೆ ಇರಬೇಕು, ಇಲ್ಲಾ ನೀವಿಬ್ಬರರೆ ಇರಬೇಕು. ಸ್ಪ್ರಿಂಗ್ ಹೊರಗ ಬಂದು ನನ್ನ ಮಾರಿ ನೋಡಾಕತ್ತೈತಿ!"

ಸೋಫಾ ಉಳಿಯಿತು. ನಾವು ಅಖಾಡಕ್ಕೆ ಹೋದೆವು.

ನಾನು ಹಾಗೆ ಖುಷಿಯಿಂದ ಹೋಗಲು ಬೇರೆಯೇ ಕಾರಣವಿತ್ತು. ಧಾರವಾಡದ ನಮ್ಮ ಓಣಿಯ ಕೊನೆಗೊಂದು ಗರಡಿಮನೆಯಿತ್ತು. ತಗ್ಗು ಬಾಗಿಲು, ಒಳಗೆ ಕೆಂಪು ಮಣ್ಣಿನ ಕಣ. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಆ ಮಣ್ಣಿನ ವಾಸನೆ ಬೆಳಗಿನ ಹೊತ್ತು ಓಣಿಯ ತುಂಬ ಹರಡುತ್ತಿತ್ತು. ಹಾಲು ತರಲು ಹೋಗುವ ನಾನು ಡಬ್ಬಿ ಹಿಡಿದು ಹೊಸ್ತಿಲ ಹೊರಗೆ ನಿಲ್ಲುತ್ತಿದ್ದೆ. ಕಣದಲ್ಲಿ ಬೆವರಿಗೆ ಮಣ್ಣು ಮೆತ್ತಿ ಯಾರ ಕಾಲು ಯಾರದೆಂದು ತಿಳಿಯದ ಜೋಡಿಗಳು. ಪಟ್ಟು ಕಲಿಸುವ ವಸ್ತಾದಿ ಆಗಾಗ "ಬಾರೋ ತಮ್ಮಾ, ಮಣ್ಣೇನು ಕಚ್ಚೂದಿಲ್ಲ" ಎನ್ನುತ್ತಿದ್ದರು. ನಾನು ಒಂದು, ಎರಡು ಎಂದು ಎಣಿಸುತ್ತಿದ್ದೆ. ಮೂರು ಬರುವಷ್ಟರಲ್ಲಿ ಹಾಲಿನ ನೆನಪಾಗುತ್ತಿತ್ತು. ಹೀಗೆ ನನ್ನ ಇಡೀ ಕುಸ್ತಿಜೀವನ ಹೊಸ್ತಿಲ ಆಚೆಯೇ ನಡೆದು ಮುಗಿಯಿತು. ಗುಜರಾತಿಗೆ ಬಂದು ಇಷ್ಟು ವರ್ಷವಾದರೂ ಮೊದಲ ಮಳೆಗೆ ಎಲ್ಲರೂ ಭಜಿಯಾ ನೆನೆದರೆ ನಾನು ಆ ಮಣ್ಣನ್ನು ನೆನೆಯುತ್ತೇನೆ.

ವಡೋದರಾದ ಹಳೆಯ ಪೇಟೆಯ ಅಖಾಡದಲ್ಲಿ ಮಣ್ಣು ಕಾಣುತ್ತದೆಂದು ಹೋದರೆ ಕಂಡದ್ದು ನೀಲಿ ಮ್ಯಾಟು. ಸ್ಪರ್ಧೆಗಳೆಲ್ಲ ಮ್ಯಾಟಿನ ಮೇಲೆಯೇ ಆಗುವುದರಿಂದ ಕಲಿಸುವ ಜಗ್ತಾಪ್ ಸರ್ ಬೇರೇನು ಮಾಡಿಯಾರು? ಆದರೂ ಮೂಲೆಯಲ್ಲಿ ಒಂದಿಷ್ಟು ಮಣ್ಣಿನ ಕಣ ಉಳಿಸಿಕೊಂಡಿದ್ದಾರೆ. ಮಕ್ಕಳು ಮೊದಲು ಆ ಮಣ್ಣನ್ನು ಹಣೆಗೆ ಮುಟ್ಟಿಸಿ, ಕೈಕಾಲು ಒರೆಸಿಕೊಂಡು, ಆಮೇಲೆ ಮ್ಯಾಟ್ ಹತ್ತಬೇಕು.

"ಟೀವಿಯವರೇ ನನಗೆ ಮಕ್ಕಳನ್ನು ಕಳಿಸೋದು ಸಾಹೇಬ್, ಅವರೇ ಹಾಳು ಮಾಡೋದು" ಎಂದು ಮೊದಲ ದಿನವೇ ಅವರು ಹಿಂದಿಯಲ್ಲಿ ಹೇಳಿದರು. "ಬಂದವರು ಕೇಳೋ ಮೊದಲ ಪ್ರಶ್ನೆ, ರಿಂಗಿನ ಸುತ್ತ ಕಟ್ಟೋ ಹಗ್ಗ ಎಲ್ಲಿದೆ? ಎರಡನೇದು, ನನಗೇನು ಹೆಸರು?"

ರೇವಾ ಎರಡನೆಯದನ್ನು ಕೇಳಲಿಲ್ಲ, ಏಕೆಂದರೆ ಹೆಸರನ್ನು ಮನೆಯಿಂದಲೇ ತಂದಿದ್ದಳು: ಲೇಡಿ ಜ್ವಾಲಾಮುಖಿ. ಜಗ್ತಾಪ್ ಸರ್ ಗಂಭೀರವಾಗಿ ತಲೆಯಾಡಿಸಿ, "ಜ್ವಾಲಾಮುಖಿ ಬೇಟಾ, ಮೊದಲು ನೂರು ಬಸ್ಕಿ" ಎಂದರು. ಅಲ್ಲಿಗೆ ಜ್ವಾಲಾಮುಖಿ ಆರಿತು.

ಅವರ ಇನ್ನೊಂದು ಕೊರಗು ಪಂಜರದೊಳಗೆ ಗುದ್ದು, ಒದೆ, ಪಟ್ಟು ಎಲ್ಲ ಬೆರೆಸಿ ಆಡುವ ಹೊಸ ಕಾದಾಟ. ಅವರ ಇಬ್ಬರು ಒಳ್ಳೆಯ ಹುಡುಗರು ಅದನ್ನು ಕಲಿಯಲು ಅಹಮದಾಬಾದಿನ ಬೋಪಾಲ್ ಬಡಾವಣೆಯ ಗಾಜಿನ ಗೋಡೆಯ ಜಿಮ್ಮಿಗೆ ಹೋದರು. ರಜೆಯಲ್ಲಿ ಒಮ್ಮೆ ಬಂದಾಗ ನೋಡಿದರೆ ಬೆನ್ನ ಮೇಲೆ ಆರಾಮಾಗಿ ಮಲಗುತ್ತಾರೆ! ಅಲ್ಲಿ ಮಲಗಿಯೂ ಹೋರಾಡಬಹುದು, ಕುತ್ತಿಗೆ ಹಿಡಿದು ಗೆಲ್ಲಬಹುದು. ಇಲ್ಲಿ ಬೆನ್ನು ನೆಲ ಕಂಡರೆ ಕಥೆ ಮುಗಿಯಿತು. "ಒಂದು ಜನ್ಮ ಪೂರ್ತಿ ಬೆನ್ನು ಕಾಯೋದನ್ನ ಕಲಿಸ್ತೀನಿ, ಒಂದು ಬೇಸಿಗೇಲಿ ಮರೆಸಿ ಕಳಿಸ್ತಾರೆ" ಎಂದು ನಿಟ್ಟುಸಿರು ಬಿಟ್ಟರು.

ನಾನೂ ನಿಟ್ಟುಸಿರು ಸೇರಿಸಿದೆ, ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೆ ಟೀವಿಯನ್ನು ಬೈಯಲು ಬಾಯಿ ಬರಲಿಲ್ಲ. ಅಬ್ಬರವೇನು ಹೊಸದೇ? ನಮ್ಮ ಕಡೆ ಪೈಲ್ವಾನರು ಹಲಗೆ ಬಡಿಸಿಕೊಂಡು, ತಲೆಗೆ ಪಟಕ ಸುತ್ತಿ, ಬೆಳ್ಳಿ ಗದೆ ಹೊತ್ತು ಮೆರೆಯುತ್ತಿದ್ದರು. ಗೋಡೆಯ ಪೋಸ್ಟರುಗಳಲ್ಲಿ ಇಂಥ ಊರಿನ ಹುಲಿ, ಅಂಥ ಊರಿನ ಸಿಂಹ ಎಂದು ಮೀಸೆಯ ಸಮೇತ ಅಂಟಿಕೊಂಡಿರುತ್ತಿದ್ದರು. ನಮ್ಮ ಓಣಿಯ ಆ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುವಂತೆಯೇ ಇರಲಿಲ್ಲ. ನನ್ನ ಮಗಳು ಇಲ್ಲಿ ಅಂಥ ಹೊಸ್ತಿಲು ದಾಟಿದಳೆಂದರೆ, ಟೀವಿಯಲ್ಲಿ ಮಿನುಗು ಬಟ್ಟೆ ತೊಟ್ಟು ಗರ್ಜಿಸುವ ಹೆಂಗಸರನ್ನು ಕಂಡಳಲ್ಲ, ಅದಕ್ಕೇ. ಹೊಸ್ತಿಲಲ್ಲಿ ನಿಂತವನಿಗೆ ಒಳಗೆ ಹೋದವರ ದಾರಿಯನ್ನು ಟೀಕಿಸುವ ಹಕ್ಕಿಲ್ಲ.

ಹೀಗೆ ಎರಡು ವರ್ಷ ನಡೆಯಿತು. ಒಂಬತ್ತನೇ ತರಗತಿ ಹತ್ತಿರವಾದಂತೆ ಸುಮಾ ಮಗಳೊಂದಿಗೆ ಒಪ್ಪಂದ ಮಾಡಿಕೊಂಡಳು. ಸೂರತ್‌ನಲ್ಲಿ ನಡೆಯುವ ಆಯ್ಕೆ ಸ್ಪರ್ಧೆಯಲ್ಲಿ ಗೆದ್ದರೆ ಕುಸ್ತಿ ಮುಂದುವರಿಯುತ್ತದೆ. ಸೋತರೆ ಅಖಾಡಕ್ಕೆ ನಮಸ್ಕಾರ, ಸಂಜೆ ಟ್ಯೂಷನ್. ರೇವಾ ಯೋಚಿಸದೆ ಕೈ ಕುಲುಕಿದಳು. ಯೋಚಿಸುವ ಕೆಲಸ ನನಗೆ ಬಂತು.

ಸೂರತ್‌ನ ಒಳಾಂಗಣ ಕ್ರೀಡಾಂಗಣದಲ್ಲಿ ಮೊದಲ ಎರಡು ಕುಸ್ತಿ ಗೆದ್ದಳು. ಮೂರನೆಯದರಲ್ಲೂ ಮುಂದಿದ್ದಳು. ಎದುರಿಗೆ ಎರಡು ಜಡೆ ಬಿಗಿದು ಕಟ್ಟಿದ್ದ, ಮಾತೇ ಆಡದ ಒಬ್ಬ ಹುಡುಗಿ. ಅವಳು ಯಾವುದೋ ಮಾಯದಲ್ಲಿ ಕಾಲು ಹಿಡಿದು ತಿರುವಿದಳು ನೋಡಿ, ರೇವಾ ಅಂಗಾತ. ಜಗ್ತಾಪ್ ಸರ್ "ಸೇತುವೆ! ಸೇತುವೆ ಕಟ್ಟು!" ಎಂದು ಕೂಗಿದರು, ಅಂದರೆ ಕತ್ತಿನ ಮೇಲೆ ಭಾರ ಹಾಕಿ ಬೆನ್ನೆತ್ತು ಎಂದು. ಅವಳ ಮುಖ ನನಗೆ ಚೆನ್ನಾಗಿ ಕಾಣುತ್ತಿತ್ತು. ಗಾಬರಿಯೇ ಇಲ್ಲ. ಯಾವುದಕ್ಕೋ ಕಾಯುತ್ತಿರುವ ಶಾಂತ ಮುಖ. ಆ ಮುಖವನ್ನು ನಾನು ಎಷ್ಟು ಭಾನುವಾರ ನೋಡಿದ್ದೇನೆ! ವಿಚಿತ್ರವೆಂದರೆ ಹುಟ್ಟಿನಿಂದಲೇ ಚಿಂತೆ ಮಾಡುವ ನನಗೂ ಆ ಕ್ಷಣ ಚಿಂತೆಯಾಗಲಿಲ್ಲ. ಒಂದು, ಎರಡು ಎಂದು ನಾನೂ ಎಣಿಸುತ್ತಿದ್ದೆ.

ರೆಫರಿ ಸೀಟಿ ಊದಿದರು. ಎರಡೂ ಹೆಗಲು ಒಂದು ಕ್ಷಣ ಮ್ಯಾಟಿಗೆ ಒತ್ತಿದರೆ ಸಾಕು, ಅಲ್ಲಿ ಯಾರೂ ಎಣಿಸುವುದಿಲ್ಲ. ಸೀಟಿಯಾದ ಮೇಲೆ ನನ್ನ ಮಗಳು ಹೆಗಲು ಕಿತ್ತು ಚಂಗನೆ ಎದ್ದು ಎರಡೂ ಕೈ ಚಾಚಿ ಪ್ರೇಕ್ಷಕರತ್ತ ಗರ್ಜಿಸಿದಳು. ಈ ಸಲ ನಿಜವಾದ ಪ್ರೇಕ್ಷಕರಿದ್ದರು. ಇಡೀ ಕ್ರೀಡಾಂಗಣ ನಕ್ಕಿತು. ಜಗ್ತಾಪ್ ಸರ್ ಟವೆಲಿನಿಂದ ಮುಖ ಮುಚ್ಚಿಕೊಂಡರು.

ರೈಲಿಗೆ ಇನ್ನೂ ಹೊತ್ತಿತ್ತು. ಸ್ಟೇಷನ್ನಿನ ಹತ್ತಿರ ಕುಂದಾಪುರದ ಶೆಟ್ಟರೊಬ್ಬರ ಹೋಟೆಲಿಗೆ ಕರೆದುಕೊಂಡು ಹೋದೆ. ಎದುರಿಗಿದ್ದ ಮಸಾಲೆ ದೋಸೆಯನ್ನು ಅವಳು ಮುಟ್ಟಲಿಲ್ಲ. ಕನ್ನಡ ಕೇಳಿ ಗಲ್ಲಾ ಬಿಟ್ಟು ಬಂದ ಶೆಟ್ಟರಿಗೆ ನಾನು ಇಡೀ ಕಥೆ ಹೇಳಬೇಕಾಯಿತು.

"ಎಂತ ಮಾರಾಯ್ರೆ, ಮೂರು ಎಣಿಸುದೇ ಇಲ್ವಾ?" ಎಂದು ಅವರು ನಿಜವಾಗಿಯೂ ಸಿಟ್ಟಾದರು. "ಟೀವಿಯಲ್ಲಿ ಅಷ್ಟು ಚಂದ ಮಾಡಿ ಎಣಿಸ್ತಾರೆ. ಇದು ಮೋಸ ಅಲ್ಲದಾ?"

ರೇವಾ ಆ ದಿನ ಮೊದಲ ಸಲ ತಲೆಯೆತ್ತಿದಳು. "ಮೋಸ ಅಲ್ಲ ಅಂಕಲ್. ಟೀವಿದಲ್ಲಿ ಯಾರು ವಿನ್ ಆಗೋದು ಮೊದಲೇ ಫಿಕ್ಸ್ ಇರ್ತದೆ. ಅದಕ್ಕೆ ಕೌಂಟ್ ಮಾಡಕ್ಕೆ ಟೈಮ್ ಇರ್ತದೆ. ಇಲ್ಲಿ ಯಾರಿಗೂ ಗೊತ್ತಿಲ್ಲ ನಾ, ಅದಕ್ಕೆ ಟೈಮೇ ಇಲ್ಲ."

ಶೆಟ್ಟರು "ಹೌದಲ್ಲ!" ಎಂದು ಇನ್ನೊಂದು ಚಟ್ನಿ ತರಿಸಿದರು. ಅವಳು ದೋಸೆ ಮುರಿದಳು. ನನ್ನ ಕಾಫಿ ಆರುತ್ತಿತ್ತು.

ರೈಲಿನಲ್ಲಿ ನಾನು ಸುಮಾಳಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ತಪ್ಪು ಸೋಫಾದ್ದು, ಎಣಿಕೆ ಎಳೆದ ರೆಫರಿಯದು, ಮಗುವಿನದ್ದಲ್ಲ ಎಂದು. ಬಾಗಿಲು ತೆರೆದ ಸುಮಾ ನಮ್ಮಿಬ್ಬರ ಮುಖ ನೋಡಿದಳು. ನಾನು ಮೊದಲಿಗೆ ಎಣಿಸಿಕೊಂಡೆ. ಒಂದು ಅಂದಿದ್ದೆನಷ್ಟೆ.

"ಅಮ್ಮಾ, ಸೋತೆ. ನನಗೆ ಇನ್ನೂ ಆಡಬೇಕು" ಎಂದಳು ರೇವಾ.

"ಟ್ಯೂಷನ್?"

"ಅದೂ ಹೋಗ್ತೀನಿ."

"ಆತು. ಕೈಕಾಲು ತೊಳಕೊಂಡು ಊಟಕ್ಕ ಬಾ. ಆ ಟೀವಿಗೆ ಮಾತ್ರ ಕೈ ಹಚ್ಚಬ್ಯಾಡ" ಎಂದಳು ಸುಮಾ. ನನಗಿನ್ನೂ ಎರಡು ಆಗಿರಲಿಲ್ಲ.

ಮರುದಿನ ಬೆಳಗ್ಗೆ ಎಂದಿನಂತೆ ರೇವಾಳನ್ನು ಅಖಾಡಕ್ಕೆ ಬಿಟ್ಟೆ. ಜಗ್ತಾಪ್ ಸರ್ ಮೂಲೆಯ ಮಣ್ಣನ್ನು ಗುದ್ದಲಿಯಿಂದ ಸಡಿಲಿಸಿ, ಎಣ್ಣೆ ಚಿಮುಕಿಸುತ್ತಿದ್ದರು. ಆ ವಾಸನೆ ಬಂತು. ಕಣದ ಅಂಚಿಗೆ ಹೋಗಿ ನಿಂತೆ. ಕೈಯಲ್ಲಿ ಹಾಲಿನ ಡಬ್ಬಿಯಿರಲಿಲ್ಲ, ಆದರೆ ಬೆರಳುಗಳು ಹಿಡಿದುಕೊಂಡೇ ಇದ್ದವು.

"ಆವೋ ಸಾಹೇಬ್" ಎಂದು ಒಳಗೆ ಕರೆದರು ಅವರು, ತಲೆಯೆತ್ತದೆ.

ಒಂದು. ನನ್ನ ಮಂಡಿ, ಸೊಂಟ, ಒಂಬತ್ತೂವರೆಯ ಮೀಟಿಂಗು. ಎರಡು. ಎರಡೂವರೆ. ಎರಡೂಮುಕ್ಕಾಲು.

"ಪಪ್ಪಾ," ಮ್ಯಾಟಿನ ಮೇಲಿಂದ ರೇವಾ ಕೂಗಿದಳು, "ಅಲ್ಲಿ ಯಾರೂ ಕೌಂಟ್ ಮಾಡ್ತಿಲ್ಲ!"

ಬೂಟು ಬಿಚ್ಚಿದೆ. ಮಣ್ಣು ತಣ್ಣಗಿತ್ತು. ಕಚ್ಚಲಿಲ್ಲ.