ಮಂಗಳವಾರದ ಮೀಟ್‌ಬಾಲ್

ನೀವೇ ನ್ಯಾಯ ಹೇಳಿ, ಗೆಳೆಯರೇ. ಇವತ್ತು ಸಂಜೆ ದೇಶದ ರಾಜಧಾನಿಯ ರೋಹಿಣಿ ಬಡಾವಣೆಯ ನಮ್ಮ ಮನೆಯಲ್ಲಿ ರಾತ್ರಿಯೂಟಕ್ಕೆ ಸ್ವೀಡಿಷ್ ಮೀಟ್‌ಬಾಲ್ ಮಾಡುತ್ತಿದ್ದೆ. ನೂಡಲ್ಸ್ ಬಸಿದಿಟ್ಟಾಗಿತ್ತು, ಚಿಕನ್ ಕೈಮಾದ ಉಂಡೆಗಳು ಕ್ರೀಮಿನ ಗ್ರೇವಿಯಲ್ಲಿ ಕುದಿಯುತ್ತಿದ್ದವು. ಪಕ್ಕದ ಫ್ಲಾಟಿನ ಆಂಟಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದರು.

"ಬೇಟಾ, ಆಜ್ ಮಂಗಲ್‌ವಾರ್ ಹೈ. ಆಜ್ ಭೀ ನಾನ್‌ವೆಜ್?"

ಮಂಗಳವಾರ ಹನುಮಂತನ ದಿನವಂತೆ, ಮಾಂಸ ಬೇಯಿಸಬಾರದಂತೆ.

"ನಮ್ಮ ಕಡೆ ಆಂಜನೇಯನ ವಾರ ಶನಿವಾರ, ಆಂಟಿ. ಅವತ್ತು ನಮ್ಮನೇಲಿ ಮೊಟ್ಟೆ ಕೂಡ ಒಡೆಯಲ್ಲ," ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ.

"ದೇವರು ಎಲ್ಲಾ ಕಡೆ ಒಬ್ಬನೇ," ಎಂದರು.

"ಅಚ್ಛಾ. ಹಾಗಾದ್ರೆ ಶನಿವಾರ ನೀವು ಬಿಡಿ, ಮಂಗಳವಾರ ನಾನು ಬಿಡ್ತೀನಿ."

ಆಂಟಿ ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಶನಿವಾರ ಬಂದರೆ ಅವರ ಮನೆಯಲ್ಲಿ ಬಟರ್ ಚಿಕನ್.

ಊಟಕ್ಕೆ ಕೂತ ಮಗಳು, "ಅಮ್ಮಾ, ಔರ್ ದೋ ಉಂಡೆ," ಎಂದಳು. ಎರಡು ಕೇಳಿದ್ದಕ್ಕೆ ಮೂರು ಬಡಿಸಿದೆ.

ಇಷ್ಟು ವರ್ಷ ಪ್ರತಿ ಶನಿವಾರ ಆ ಘಮಕ್ಕೆ ಬಾಯಲ್ಲಿ ನೀರೂರಿದರೂ, ತುಟಿಪಿಟಕ್ಕೆನ್ನದೆ ಕಿಟಕಿ ಮುಚ್ಚಿ ತಿಳಿಸಾರು ಉಂಡವಳು ನಾನು. ಇನ್ನು ಮಂಗಳವಾರ ಕಿಟಕಿ ಮುಚ್ಚುವ ಪಾಳಿ ಅವರದು.